ಹೆಸರು ಬರುವ ಹೊತ್ತಿನಲ್ಲಿ

ಮೈಸೂರಿನ ನನ್ನ ಎಡಿಟಿಂಗ್ ರೂಮಿಗೆ ಬರುವ ಹೊಸ ನಿರ್ದೇಶಕರು ಟೈಟಲ್ ಮಾತನ್ನು, ಅಂದರೆ ಸಿನಿಮಾ ಶುರುವಿನಲ್ಲಿ ಹೆಸರುಗಳು ಬರುವ ಭಾಗದ ಮಾತನ್ನು, ಕೊನೆಗೆ ಎತ್ತುತ್ತಾರೆ. ಡಬ್ಬಿಂಗ್ ಮುಗಿದಿರುತ್ತದೆ, ರಿಲೀಸ್ ಹತ್ತಿರ ಬಂದಿರುತ್ತದೆ. "ಸರ್, ಗದ್ದೆ ಮೇಲೆ ಒಂದು ಡ್ರೋನ್ ಶಾಟ್ ಐತೆ, ಅದರ ಮೇಲೆ ಹೆಸರು ಹಾಕ್ಬುಡಿ" ಅನ್ನುತ್ತಾರೆ. ಮಂಡ್ಯದ ಗದ್ದೆ ಮೇಲಿಂದ ಚೆಂದ ಕಾಣುತ್ತದೆ, ನಿಜ. ಆದರೆ ಪ್ರೇಮಕಥೆಗೂ ಅದೇ ಹಸಿರು, ಕೊಲೆ ಕಥೆಗೂ ಅದೇ ಹಸಿರು ಅಂದರೆ ನೋಡುವವರಿಗೆ ಏನು ತಿಳಿಯಬೇಕು?

ಮುಂದಿನ ಎರಡು ಗಂಟೆಯನ್ನು ಯಾವ ಮನಸ್ಸಿನಲ್ಲಿ ನೋಡಬೇಕು ಅಂತ ಕೂತವರನ್ನು ಅಣಿ ಮಾಡುವುದು ಟೈಟಲ್ ಕೆಲಸ. ಇದರಲ್ಲಿ ದೃಶ್ಯಕ್ಕಿಂತ ಜಾಸ್ತಿ ಪಾಲು ವೇಗದ್ದು, ಸದ್ದಿನದು.

ಒಂದು ಆಲೆಮನೆಯನ್ನೇ ತೆಗೆದುಕೊಳ್ಳಿ. ಗಾಣಕ್ಕೆ ಕಬ್ಬು ಕೊಡುವ ಕೈ, ಕೊಪ್ಪರಿಗೆಯಲ್ಲಿ ಉಕ್ಕುವ ನೊರೆ, ಒಲೆಯ ಬೆಂಕಿ, ಅಚ್ಚಿಗೆ ಹುಯ್ಯುವ ಬೆಲ್ಲ. ಈ ನಾಲ್ಕು ಶಾಟ್‌ಗಳನ್ನು ತಮಟೆ ಏಟಿಗೆ ಸರಿಯಾಗಿ ಕತ್ತರಿಸಿದರೆ ಊರಹಬ್ಬದ ಗೆಲುವು ಬರುತ್ತದೆ. ಈಗ ತಮಟೆ ತೆಗೆಯಿರಿ. ಸಂಗೀತವೇ ಬೇಡ, ಗಾಣದ ಕಿರುಗುಟ್ಟುವ ಸದ್ದು ಮಾತ್ರ ಇರಲಿ. ಕಬ್ಬಿನ ಜೊತೆ ಕೈಯೂ ಗಾಣದ ಹತ್ತಿರ ಹೋಗುವ ಶಾಟನ್ನು ಇನ್ನೂ ಮೂರು ಸೆಕೆಂಡ್, ಅಂದರೆ 72 ಫ್ರೇಮ್, ಹಾಗೇ ಬಿಡಿ. ಕೂತವರ ಎದೆ ಬಿಗಿಯಾಗುತ್ತದೆ. ಒಂದೇ ಒಂದು ಹೊಸ ಶಾಟ್ ಸೇರಿಸಿಲ್ಲ, ನೋಡಿ. ಕಥೆಯೂ ಇನ್ನೂ ಶುರುವಾಗಿಲ್ಲ.

ದುಡ್ಡಿದ್ದರೆ ಮಾತ್ರ ಒಳ್ಳೆ ಟೈಟಲ್ ಆಗುತ್ತದೆ ಅನ್ನುವವರಿಗೆ ನಾನು ಎರಡು ಕೆಲಸ ತೋರಿಸುತ್ತೇನೆ. ಎರಡರಲ್ಲೂ ಇರುವುದು ಬರೀ ಗೆರೆ. 1960ರ 'ಸೈಕೋ' ಚಿತ್ರಕ್ಕೆ ಸಾಲ್ ಬಾಸ್ ಮಾಡಿದ ಟೈಟಲ್‌ನಲ್ಲಿ ನೇರ ಗೆರೆಗಳು ಪರದೆಯನ್ನು ಅಡ್ಡ, ಉದ್ದ ಸೀಳುತ್ತವೆ. ಹೆಸರುಗಳು ತುಂಡಾಗಿ, ಕೂಡಿ, ಮತ್ತೆ ತುಂಡಾಗುತ್ತವೆ. ಜೊತೆಗೆ ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳ ಓಟ. ಒಡೆದ ಮನಸ್ಸೊಂದು ಮುಂದಿದೆ ಅಂತ ಮೈಗೆ ಗೊತ್ತಾಗಿಬಿಡುತ್ತದೆ. ಇನ್ನೊಂದು ನಮ್ಮದೇ. ಶಂಕರ್‌ನಾಗ್ ಟಿವಿಗಾಗಿ ಮಾಡಿದ 'ಮಾಲ್ಗುಡಿ ಡೇಸ್'. ಅದರ ಟೈಟಲ್‌ಗೆ ಇರುವುದು ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಆ ಗೆರೆಗಳು ಬಾಗುತ್ತವೆ, ಬಳುಕುತ್ತವೆ, ಎಲ್ಲೂ ಚುಚ್ಚುವುದಿಲ್ಲ. ಎಲ್. ವೈದ್ಯನಾಥನ್ ಅವರ ರಾಗಕ್ಕೂ ಯಾವ ಅವಸರವೂ ಇಲ್ಲ. ಇಲ್ಲಿ ಯಾರಿಗೂ ದೊಡ್ಡ ಕೇಡಾಗುವುದಿಲ್ಲ ಅನ್ನುವ ಧೈರ್ಯ ಅಲ್ಲೇ ಸಿಗುತ್ತದೆ, ಅಲ್ವಾ? ಆ ರಾಗ ಕೇಳಿದರೆ ಇವತ್ತಿಗೂ ನನ್ನ ಕೈ ಕೆಲಸ ನಿಲ್ಲುತ್ತದೆ.

ಅಕ್ಷರದ ವಿಷಯಕ್ಕೆ ನಾನು ಜಾಸ್ತಿ ಹಟ ಮಾಡುತ್ತೇನೆ. ಇಂಗ್ಲಿಷ್ ಟೈಟಲ್ ನೋಡಿ, ಒಂದೊಂದೇ ಅಕ್ಷರ ಮೂಡುವ ಹಾಗೆ ಮಾಡಿ ಅಂತ ಕೇಳುತ್ತಾರೆ. ಕನ್ನಡದಲ್ಲಿ 'ನಿರ್ದೇಶನ' ಅಂತ ಹಾಗೆ ಮೂಡಿಸಲು ಹೋದರೆ ಮೊದಲು 'ನಿರ್' ಕಾಣುತ್ತದೆ. ಆಮೇಲೆ 'ದ' ಬಂದ ಕೂಡಲೇ ಆ 'ರ್' ಮಾಯವಾಗಿ ಅದರ ಪಕ್ಕಕ್ಕೆ ಅರ್ಕಾವತ್ತಾಗಿ ಜಿಗಿಯುತ್ತದೆ. ಶಾಂತವಾಗಿರಬೇಕಾದ ಕಡೆ ಕಣ್ಣು ಕುಕ್ಕುತ್ತದೆ. ಇಡೀ ಪದವನ್ನೇ ಕತ್ತಲಿನಿಂದ ನಿಧಾನಕ್ಕೆ ಬೆಳಕಿಗೆ ತನ್ನಿ, ಇಲ್ಲವೇ ಒತ್ತಕ್ಷರ, ಕಾಗುಣಿತ ಸಮೇತ ಒಂದೊಂದು ಅಕ್ಷರವನ್ನೂ ಇಡಿಯಾಗಿ ಬಿಡಿಸಿಟ್ಟು ಮೂಡಿಸಿ. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಇನ್ನು ಹೊತ್ತು: ಒಂದು ಹೆಸರನ್ನು ನಿಧಾನಕ್ಕೆ ಎರಡು ಸಲ ಓದುವಷ್ಟು ಹೊತ್ತು ಆ ಹೆಸರಿನ ಕಾರ್ಡ್ ಪರದೆ ಮೇಲೆ ನಿಲ್ಲಲಿ. ಲೈಟ್ ಹಿಡಿದ ಹುಡುಗನ ಮನೆಯವರು ಅವನ ಹೆಸರು ಹುಡುಕುತ್ತಾ ಕೂತಿರುತ್ತಾರೆ.

ಇದಕ್ಕೆಲ್ಲ ಶೂಟಿಂಗ್ ದಿನಗಳಲ್ಲೇ ಸ್ವಲ್ಪ ಕೆಲಸ ಇದೆ. ಕಥೆ ನಡೆಯುವ ಜಾಗದಲ್ಲಿ ದಿನವೂ ಕೈಗೆ ಸಿಗುವ ವಸ್ತುಗಳ ಹತ್ತಿರದ ಶಾಟ್ ತೆಗೆದಿಡಿ. ಸೌಂಡ್ ರೆಕಾರ್ಡಿಸ್ಟ್‌ಗೆ ಹೇಳಿ ಅಲ್ಲಿನ ಸದ್ದನ್ನು ಬೇರೆಯಾಗಿ ಹಿಡಿಸಿ, ಯಾರೂ ಮಾತಾಡದೆ, ಒಂದು ಸಲಕ್ಕೆ ಎರಡು ನಿಮಿಷವಾದರೂ.