ಕಾಟಕ್ಕೂ ಒಂದು ವಿಳಾಸವಿದೆ

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ. ಎಷ್ಟೋ ಕಡೆ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಮಾಧ್ಯಮದ ಶಾಲೆಗಳಿರುತ್ತವೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು. ಮೊದಲ ಪಾಳಿ ಬಿಟ್ಟು ಎರಡನೆಯದು ಸೇರುವ ಹೊತ್ತಿನಲ್ಲಿ ಮಕ್ಕಳ ಎರಡು ಪ್ರವಾಹಗಳು ಮೆಟ್ಟಿಲ ಮೇಲೆ ಎದುರುಬದುರಾಗುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಆ ಗುಂಪಿನಲ್ಲಿ ಸಣ್ಣ ಸಂಖ್ಯೆಯವರು. ಶಿಕ್ಷಕರು ತರಗತಿಯಲ್ಲಿರುತ್ತಾರೆ, ಕಾವಲಿನವರು ಗೇಟಿನಲ್ಲಿರುತ್ತಾರೆ. ಮೆಟ್ಟಿಲಿಗೆ ಹೊಣೆಗಾರರೆಂದು ಯಾರೂ ಇರುವುದಿಲ್ಲ.

ಮಕ್ಕಳು ಮಕ್ಕಳಿಗೆ ಕೊಡುವ ಕಾಟದ ಮಾತು ಬಂದಾಗಲೆಲ್ಲ ನಾವು ಹುಡುಕುವುದು ಕೆಟ್ಟ ಹುಡುಗನನ್ನು. ಅವನ ಮನೆ ಎಂಥದು, ತಂದೆ ಕುಡಿಯುತ್ತಾನೆಯೇ, ಮೊಬೈಲಿನಲ್ಲಿ ಏನು ನೋಡುತ್ತಾನೆ ಎಂದು ವಿಚಾರಿಸುತ್ತೇವೆ. ಆದರೆ ಅರ್ಧ ಶತಮಾನದ ಸಂಶೋಧನೆ ಇನ್ನೆರಡು ಪ್ರಶ್ನೆಗಳನ್ನು ಮುಂದಿಡುತ್ತದೆ: ಇದು ಎಲ್ಲಿ ನಡೆಯಿತು? ಆಗ ಯಾರು ನೋಡುತ್ತಿದ್ದರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ನಗರದಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುವುದು ಪಾಲಿಕೆಯೇ ಎಂಬುದು ನನ್ನ ವಾದ.

ಈ ಕಾಟವನ್ನು ಮೊದಲು ಶಿಸ್ತಿನಿಂದ ಅಳೆದವರು ಡಾನ್ ಓಲ್ವಿಯಸ್. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ ನಗರದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ. ಅವರು ಗುರುತಿಸಿದ ಮೂರು ಲಕ್ಷಣಗಳನ್ನು ಇಂದಿಗೂ ಸಂಶೋಧಕರು ಬಳಸುತ್ತಾರೆ. ನೋವು ಬೇಕೆಂದೇ ಕೊಟ್ಟದ್ದಾಗಿರಬೇಕು. ಅದು ಮತ್ತೆ ಮತ್ತೆ ನಡೆಯುತ್ತಿರಬೇಕು. ಇಬ್ಬರ ನಡುವೆ ಬಲದ ಅಂತರವಿರಬೇಕು. ಸಮಬಲದ ಇಬ್ಬರು ಬೆಳಿಗ್ಗೆ ಹೊಡೆದಾಡಿ ಸಂಜೆ ಒಟ್ಟಿಗೆ ಕ್ರಿಕೆಟ್ ಆಡಿದರೆ ಅದು ಜಗಳ, ಅಷ್ಟೇ. ಬಲವೆಂದರೆ ತೋಳಿನ ಬಲ ಮಾತ್ರವಲ್ಲ. ಗುಂಪಿನ ಗಾತ್ರ, ಜಾತಿ, ಮೈಬಣ್ಣ, ಬಟ್ಟೆ, ಆಡುವ ಭಾಷೆ ಎಲ್ಲವೂ ಬಲವೇ. ಯಾದಗಿರಿಯಿಂದಲೋ ಕಲಬುರ್ಗಿಯಿಂದಲೋ ಗಾರೆ ಕೆಲಸಕ್ಕೆ ಬಂದ ಕುಟುಂಬದ ಮಗು ಹರಕುಮುರುಕು ಹಿಂದಿಯಲ್ಲಿ ಉತ್ತರ ಕೊಡಲು ಹೊರಟಾಗ ಸುತ್ತಲಿನ ಹತ್ತು ಬಾಯಿಗಳು ಅದೇ ಉಚ್ಚಾರಣೆಯನ್ನು ಅಣಕಿಸಿದರೆ, ಆ ಮಗುವಿನ ಮೇಲೆ ಯಾರೂ ಕೈಯೆತ್ತಬೇಕಾಗಿಲ್ಲ.

ನಮ್ಮವರೂ ಇದನ್ನು ಮಾಡುತ್ತಾರೆ. ಮುಂಬಯಿಯಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆ ನಿಂತ ಕನ್ನಡಿಗರ ಮನೆಗಳ ಮಕ್ಕಳು, ನಿನ್ನೆ ಮೊನ್ನೆ ಬಂದ ಉತ್ತರ ಕರ್ನಾಟಕದ ಮಕ್ಕಳ ಮಾತನ್ನು ಆಡಿಕೊಂಡು ನಗುವುದುಂಟು. 1960ರ ದಶಕದ ಕೊನೆಯಲ್ಲಿ ಈ ನಗರದಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆದಾಗ ಅಣಕದ ಮಾತುಗಳನ್ನು ಕೇಳಿಸಿಕೊಂಡವರ ಮೊಮ್ಮಕ್ಕಳಿವರು. ಸಂಘದ ವೇದಿಕೆಯಲ್ಲಿ ಕನ್ನಡದ ಒಗ್ಗಟ್ಟಿನ ಭಾಷಣ ಮಾಡುವ ನಾವು ಇದನ್ನು ನೇರವಾಗಿ ಹೇಳಿಕೊಳ್ಳಬೇಕು.

ಇಂಥ ಕಾಟದಿಂದ ಏನಾಗುತ್ತದೆ? "ಮಕ್ಕಳಲ್ಲವೇ, ಮರೆತುಬಿಡುತ್ತಾರೆ" ಎನ್ನುವವರಿಗೆ ಬ್ರಿಟನ್ನಿನ ಒಂದು ಅಧ್ಯಯನ ಉತ್ತರ ಕೊಡುತ್ತದೆ. 1958ರಲ್ಲಿ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಅಲ್ಲಿ ಜೀವನದುದ್ದಕ್ಕೂ ಗಮನಿಸುತ್ತ ಬಂದಿದ್ದಾರೆ. ಅವರು 7 ಮತ್ತು 11 ವರ್ಷದವರಾಗಿದ್ದಾಗ, ಮಗುವಿಗೆ ಬೇರೆ ಮಕ್ಕಳು ಕಾಟ ಕೊಡುತ್ತಾರೆಯೇ ಎಂದು ಹೆತ್ತವರನ್ನು ಕೇಳಲಾಗಿತ್ತು. 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅಂಥ 7,771 ಮಂದಿಯ ವಿವರಗಳಿವೆ. ಬಾಲ್ಯದಲ್ಲಿ ಪದೇ ಪದೇ ಕಾಟಕ್ಕೆ ಒಳಗಾದವರಲ್ಲಿ, 50ನೆಯ ವಯಸ್ಸಿನಲ್ಲಿಯೂ, ಖಿನ್ನತೆ ಮತ್ತು ಆತಂಕ ಉಳಿದವರಿಗಿಂತ ಹೆಚ್ಚಾಗಿ ಕಂಡುಬಂತು. ಸ್ನೇಹ ಸಂಬಂಧಗಳು ಕಡಿಮೆಯಿದ್ದವು. ಬಡತನ, ಬಾಲ್ಯದ ಬುದ್ಧಿಮಟ್ಟ, ಹೆತ್ತವರ ಅಲಕ್ಷ್ಯ ಮುಂತಾದ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಅಳಿಯಲಿಲ್ಲ. ನಲವತ್ತು ವರ್ಷ ಕಳೆದರೂ ಮಾಯದ ಗಾಯವನ್ನು ಮಕ್ಕಳಾಟ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನೋಡುವವರ ಮಾತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ ಸಂಗತಿ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಕಾಟ ಕೊಡುವವನು, ಕಾಟಕ್ಕೆ ಒಳಗಾಗುವವನು ಎಂಬ ಇಬ್ಬರ ಕಥೆ ಇದಲ್ಲ, ಇಡೀ ತರಗತಿಯ ಕಥೆ. ಕೈಜೋಡಿಸುವವರು ಕೆಲವರು, ನಕ್ಕು ಹುರಿದುಂಬಿಸುವವರು ಕೆಲವರು, ಕಂಡೂ ಕಾಣದಂತೆ ಸರಿದುಹೋಗುವವರು ಹಲವರು, ತಡೆಯಲು ಮುಂದಾಗುವವರು ಬೆರಳೆಣಿಕೆಯವರು. ಕಾಟ ಕೊಡುವವನಿಗೆ ಬೇಕಾದದ್ದು ಗುಂಪಿನಲ್ಲಿ ಮೇಲಿನ ಸ್ಥಾನ. ಅದನ್ನು ಕೊಡುವುದು ನೋಡುಗರ ನಗು. ನಗು ನಿಂತರೆ ಕಾಟದ ಲಾಭವೂ ನಿಲ್ಲುತ್ತದೆ.

ಕೆನಡಾದ ಟೊರೊಂಟೊದಲ್ಲಿ ಸಂಶೋಧಕರು ಶಾಲಾ ಮೈದಾನಗಳಲ್ಲಿ ದೂರದಿಂದ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕ್ ಕಟ್ಟಿ, ನಿಜವಾಗಿ ಏನು ನಡೆಯುತ್ತದೆ ಎಂದು ದಾಖಲಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಶೇ. 88ರಷ್ಟು ಘಟನೆಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ಆದರೆ ಯಾರಾದರೂ ತಡೆಯಲು ಹೋದದ್ದು ಶೇ. 19ರಷ್ಟು ಘಟನೆಗಳಲ್ಲಿ ಮಾತ್ರ. ಹಾಗೆ ತಡೆದಾಗ ಅರ್ಧಕ್ಕಿಂತ ಹೆಚ್ಚು ಬಾರಿ, ಶೇ. 57ರಷ್ಟು, ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತು. ಈ ಕೊನೆಯ ಅಂಕಿಯನ್ನು ನಗರದ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬೇಕು ಎನ್ನುವಷ್ಟು ಅದು ನನ್ನನ್ನು ಕಾಡಿದೆ.

ಹಾಗಾದರೆ ಉಳಿದವರೇಕೆ ಸುಮ್ಮನಿರುತ್ತಾರೆ? ಹೆದರಿಕೆ ಒಂದು ಕಾರಣ. ಇನ್ನೊಂದನ್ನು ಜಾನ್ ಡಾರ್ಲೀ ಮತ್ತು ಬಿಬ್ ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1968ರಲ್ಲೇ ಪ್ರಯೋಗದ ಮೂಲಕ ತೋರಿಸಿದ್ದರು: ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಹೊಣೆ ಕರಗುತ್ತದೆ. ತಾನಲ್ಲದಿದ್ದರೆ ಇನ್ನೊಬ್ಬರು ಹೋಗುತ್ತಾರೆ ಎಂದು ಪ್ರತಿಯೊಬ್ಬರೂ ಭಾವಿಸುತ್ತಾರೆ, ಕೊನೆಗೆ ಯಾರೂ ಹೋಗುವುದಿಲ್ಲ. ಲೋಕಲ್ ರೈಲಿನ ಗಿಜಿಗಿಡುವ ಡಬ್ಬಿಯಲ್ಲಿ ನಿಂತು ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಣೆ ಕರಗಬಾರದೆಂದರೆ ಅದನ್ನು ಯಾರಿಗಾದರೂ ಹೆಸರು ಹಿಡಿದು ವಹಿಸಿಕೊಡಬೇಕು.

ಮನಶ್ಶಾಸ್ತ್ರಜ್ಞೆ ಬೆಟ್ಸಿ ಲೆವಿ ಪಲಕ್ ಮತ್ತು ಸಂಗಡಿಗರು ಅಮೆರಿಕದ ನ್ಯೂಜೆರ್ಸಿಯ 56 ಶಾಲೆಗಳಲ್ಲಿ ಅಂಥದ್ದನ್ನೇ ಮಾಡಿ ನೋಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾರು ಯಾರೊಡನೆ ಕಾಲ ಕಳೆಯುತ್ತಾರೆ ಎಂದು ಮಕ್ಕಳನ್ನೇ ಕೇಳಿ ಶಾಲೆಯ ಸ್ನೇಹದ ಜಾಲವನ್ನು ಗುರುತಿಸಿದರು. ಅರ್ಧದಷ್ಟು ಶಾಲೆಗಳಲ್ಲಿ ಕೆಲವು ಮಕ್ಕಳಿಗೆ ಕಾಟದ ವಿರುದ್ಧ ಬಹಿರಂಗವಾಗಿ ನಿಲ್ಲುವ ಕೆಲಸ ಕೊಟ್ಟರು. ಈ ಶಾಲೆಗಳಲ್ಲಿ ಶಿಸ್ತುಕ್ರಮದವರೆಗೆ ಹೋದ ಜಗಳ ತಂಟೆಗಳು ಸುಮಾರು ಶೇ. 30ರಷ್ಟು ಇಳಿದವು. ಆರಿಸಿದ ಮಕ್ಕಳಲ್ಲಿ ಹೆಚ್ಚು ಸಂಪರ್ಕವುಳ್ಳವರು ಇದ್ದಷ್ಟೂ ಪರಿಣಾಮ ಹೆಚ್ಚಿತ್ತು. ಗಮನಿಸಬೇಕಾದದ್ದೇನೆಂದರೆ, ಇವರು ಶಿಕ್ಷಕರ ಮೆಚ್ಚಿನ ಜಾಣ ಮಕ್ಕಳೇ ಆಗಿರಬೇಕೆಂದಿರಲಿಲ್ಲ. ಉಳಿದ ಮಕ್ಕಳು ಯಾರ ಕಡೆ ನೋಡುತ್ತಾರೋ ಅವರು.

ಮೆಟ್ಟಿಲ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಸ್ಥಳೀಯ ಆಡಳಿತಕ್ಕೆ ಅತ್ಯಂತ ಉಪಯುಕ್ತವಾದ ಅಧ್ಯಯನ ನಡೆದದ್ದು ನ್ಯೂಯಾರ್ಕ್ ನಗರದ 30 ಸಾರ್ವಜನಿಕ ಶಾಲೆಗಳಲ್ಲಿ, ಆರು ಮತ್ತು ಏಳನೆಯ ತರಗತಿಯ ಮಕ್ಕಳ ನಡುವೆ. ಕೆಲವು ಶಾಲೆಗಳಲ್ಲಿ ತರಗತಿಯ ಪಾಠ ಮಾತ್ರ ಮಾಡಿದರು: ಕಿರುಕುಳ ಎಂದರೇನು, ಕಾನೂನು ಏನು ಹೇಳುತ್ತದೆ, ಇತ್ಯಾದಿ. ಕೆಲವು ಕಡೆ ಕಟ್ಟಡದ ಮಟ್ಟದ ಕ್ರಮ ಮಾತ್ರ, ಕೆಲವು ಕಡೆ ಎರಡೂ. ಕಟ್ಟಡದ ಕ್ರಮದಲ್ಲಿ ಮಕ್ಕಳ ಕೈಗೆ ಶಾಲೆಯ ನಕ್ಷೆ ಕೊಟ್ಟು, ಎಲ್ಲಿ ಭಯವಾಗುತ್ತದೆಯೋ ಅಲ್ಲಿ ಗುರುತು ಹಾಕಿಸಿದರು. ಎಲ್ಲರ ಗುರುತುಗಳನ್ನು ಸೇರಿಸಿದಾಗ ಎದ್ದು ಕಂಡ ಜಾಗಗಳಲ್ಲಿ ಶಿಕ್ಷಕರೋ ಸಿಬ್ಬಂದಿಯೋ ಇರುವಂತೆ ಮಾಡಿದರು. ಗೋಡೆಗಳ ಮೇಲೆ ಭಿತ್ತಿಪತ್ರ ಹಚ್ಚಿದರು. ಕಾಟ ಕೊಟ್ಟವರ ಚಲನವಲನಕ್ಕೆ ಶಾಲೆಯೊಳಗೇ ತಾತ್ಕಾಲಿಕ ಮಿತಿ ಹಾಕಿದರು. ಪರಿಣಾಮ? ಕಟ್ಟಡದ ಕ್ರಮವಿದ್ದ ಕಡೆಗಳಲ್ಲಿ ಹಿಂಸೆ ಇಳಿಯಿತು. ಪಾಠವೊಂದನ್ನೇ ಮಾಡಿದ ಕಡೆ ಅಂಥ ಇಳಿಕೆ ಕಾಣಲಿಲ್ಲ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ನೀತಿಪಾಠ ನಮ್ಮ ವ್ಯವಸ್ಥೆಗೆ ಅಗ್ಗದ ದಾರಿ. ಒಂದು ಭಾಷಣ, ಒಂದು ಪ್ರತಿಜ್ಞೆ, ಒಂದು ಛಾಯಾಚಿತ್ರಕ್ಕೆ ಅದು ಮುಗಿಯುತ್ತದೆ. ಆದರೆ ಮಗುವಿಗೆ ಹೆದರಿಕೆ ಹುಟ್ಟುವ ಮೂಲೆಯಲ್ಲಿ ಒಬ್ಬ ದೊಡ್ಡವರು ದಿನಾಲೂ ನಿಲ್ಲುವಂತೆ ಮಾಡುವುದು ಆಡಳಿತದ ಕೆಲಸ. ಅದಕ್ಕೆ ಸಿಬ್ಬಂದಿ ಬೇಕು, ವೇಳಾಪಟ್ಟಿ ಬೇಕು, ಕೆಲಸ ಮಾಡದ ಬಲ್ಬನ್ನು ಬದಲಿಸುವ ಅಧಿಕಾರ ಬೇಕು.

ಮುಂಬಯಿಯಲ್ಲಿ ಆ ಅಧಿಕಾರ ಯಾರ ಬಳಿ ಇದೆ ಎಂದು ನೋಡೋಣ. ಪಾಲಿಕೆ ಶಾಲೆಯ ಮೆಟ್ಟಿಲು, ಶೌಚಾಲಯ, ಮೈದಾನ ಪಾಲಿಕೆಯದು. ಮಗು ಮನೆಗೆ ಹೋಗಲು ಹತ್ತುವ ಬೆಸ್ಟ್ ಬಸ್ಸು ಪಾಲಿಕೆಯದೇ ಉದ್ಯಮ. ಬಸ್ ನಿಲ್ದಾಣದಿಂದ ಚಾಳಿಗೆ ಹೋಗುವ ಗಲ್ಲಿ, ವಸತಿಯ ಸಾರ್ವಜನಿಕ ಶೌಚಾಲಯ, ಸಂಜೆ ಆಡುವ ಉದ್ಯಾನ ಇವುಗಳಲ್ಲಿ ಬಹುಪಾಲು ವಾರ್ಡ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮಾಟುಂಗ, ಸಯನ್ ಇರುವ ಎಫ್ ಉತ್ತರವಾಗಲಿ, ಧಾರಾವಿ ಇರುವ ಜಿ ಉತ್ತರವಾಗಲಿ, ಗೋವಂಡಿ, ಮಾನ್‌ಖುರ್ದ್ ಇರುವ ಎಂ ಪೂರ್ವವಾಗಲಿ, ಪ್ರತಿ ವಾರ್ಡಿಗೂ ಒಬ್ಬ ಸಹಾಯಕ ಆಯುಕ್ತರಿದ್ದಾರೆ. ಕಾಟ ಶಾಲೆಯ ಗೇಟಿನ ಒಳಗೆ ನಡೆದರೆ ಮುಖ್ಯೋಪಾಧ್ಯಾಯರದು, ಹೊರಗೆ ನಡೆದರೆ ಯಾರದೂ ಅಲ್ಲ ಎಂಬ ಈಗಿನ ರೂಢಿಗೆ ವಾರ್ಡಿನ ಮಟ್ಟದಲ್ಲಿ ಅರ್ಥವೇ ಇಲ್ಲ, ಏಕೆಂದರೆ ಅಲ್ಲಿ ಒಳಗೂ ಹೊರಗೂ ಒಂದೇ ಸಂಸ್ಥೆ. ನ್ಯೂಯಾರ್ಕಿನ ನಕ್ಷೆಯ ಪ್ರಯೋಗವನ್ನು ಶಾಲೆಯಿಂದ ವಸತಿಯವರೆಗಿನ ದಾರಿಗೂ ಚಾಚಿದರೆ ವಾರ್ಡ್ ಕಚೇರಿಗೆ ಬೇಕಾದ ಕೆಲಸದ ಪಟ್ಟಿ ಮಕ್ಕಳ ಕೈಯಿಂದಲೇ ಸಿದ್ಧವಾಗುತ್ತದೆ. ಕಾಗದ, ಬಣ್ಣದ ಪೆನ್ಸಿಲು, ಒಂದು ತರಗತಿಯ ಅವಧಿ ಇದ್ದರೆ ಆರಂಭಕ್ಕೆ ಸಾಕು.

ಕಾನೂನೂ ಈ ದಿಕ್ಕಿಗೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮು ಸ್ಥಳೀಯ ಪ್ರಾಧಿಕಾರದ, ಎಂದರೆ ನಮ್ಮಲ್ಲಿ ಪಾಲಿಕೆಯ, ಕರ್ತವ್ಯಗಳನ್ನು ಹೇಳುತ್ತದೆ. ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಗುಂಪಿನ ಮಗುವಿಗೆ ತಾರತಮ್ಯವಾಗದಂತೆ, ಯಾವ ಕಾರಣಕ್ಕೂ ಅದರ ಪ್ರಾಥಮಿಕ ಶಿಕ್ಷಣ ನಿಲ್ಲದಂತೆ ನೋಡಿಕೊಳ್ಳುವುದು ಅವುಗಳಲ್ಲೊಂದು. ಅವಕಾಶವಂಚಿತ ಗುಂಪು ಯಾವುದೆಂದು ವಿವರಿಸುವಾಗ ಪರಿಶಿಷ್ಟ ಜಾತಿ, ಪಂಗಡಗಳ ಜತೆಗೆ, ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಭಾಷೆಯ ಕಾರಣದಿಂದ ಹಿಂದೆ ಬಿದ್ದವರನ್ನೂ ಸೇರಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಅಣಕ ತಾಳಲಾರದೆ ಆರನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನೊಡನೆ ಕೂಲಿಯ ನಾಕಾದಲ್ಲಿ ನಿಲ್ಲುವ ಹುಡುಗನ ಶಿಕ್ಷಣ ನಿಂತದ್ದು "ಯಾವ ಕಾರಣಕ್ಕೂ" ಎಂಬ ಮಾತಿನೊಳಗೆ ಬರುತ್ತದೆ ಎಂದೇ ನಾನು ಓದುತ್ತೇನೆ. 21ನೆಯ ಕಲಮಿನ ಪ್ರಕಾರ, ಅನುದಾನರಹಿತ ಖಾಸಗಿ ಶಾಲೆಗಳನ್ನು ಬಿಟ್ಟು ಉಳಿದ ಕಡೆ ಶಾಲಾ ಆಡಳಿತ ಸಮಿತಿ ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ಹೆತ್ತವರು ಅಥವಾ ಪಾಲಕರು, ಅರ್ಧದಷ್ಟು ಮಹಿಳೆಯರು. ಮಕ್ಕಳ ನಕ್ಷೆಯನ್ನು ಮೇಜಿನ ಮೇಲಿಟ್ಟು ಚರ್ಚಿಸಲು ಇದಕ್ಕಿಂತ ತಕ್ಕ ಸಭೆ ಇಲ್ಲ.

ನಾರ್ವೆಯಲ್ಲಿ ಇದು ಹೇಗೆ ನಡೆಯಿತೆಂಬುದನ್ನು ಹೇಳಬೇಕು. 1982ರ ಕೊನೆಯಲ್ಲಿ ಅಲ್ಲಿನ ಉತ್ತರ ಭಾಗದಲ್ಲಿ ಮೂವರು ಹುಡುಗರು ತಾವಾಗಿಯೇ ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕೆಂದು ತಿಳಿದಾಗ ದೇಶ ನಡುಗಿತು. ಮರುವರ್ಷವೇ ರಾಷ್ಟ್ರಮಟ್ಟದ ಆಂದೋಲನ ಆರಂಭವಾಯಿತು. ಓಲ್ವಿಯಸ್ ಬರ್ಗೆನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಗಮನಿಸಿ, ಕಾಟ ಅರ್ಧದಷ್ಟು ಇಳಿದದ್ದನ್ನು ವರದಿ ಮಾಡಿದರು. 2002ರಲ್ಲಿ ಕಾಟದ ವಿರುದ್ಧದ ರಾಷ್ಟ್ರೀಯ ಪ್ರಣಾಳಿಕೆಗೆ ಪ್ರಧಾನಿಯ ಜತೆ ಸಹಿ ಹಾಕಿದವರಲ್ಲಿ ಶಿಕ್ಷಕರ ಸಂಘ, ಹೆತ್ತವರ ಸಮಿತಿಗಳೊಂದಿಗೆ ಸ್ಥಳೀಯ ಆಡಳಿತಗಳ ಒಕ್ಕೂಟವೂ ಇತ್ತು. ಅಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಪುರಸಭೆಗಳೇ ಆದ್ದರಿಂದ ಆ ಸಹಿಗೆ ತೂಕವಿತ್ತು. ಬರ್ಗೆನ್‌ನಷ್ಟು ದೊಡ್ಡ ಫಲ ಎಲ್ಲೆಡೆ ಸಿಗಲಿಲ್ಲ. ನೂರು ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂಥ ಕಾರ್ಯಕ್ರಮಗಳಿಂದ ಕಾಟ ಕೊಡುವುದು ಶೇ. 19ರಿಂದ 20ರಷ್ಟು, ಕಾಟಕ್ಕೆ ಒಳಗಾಗುವುದು ಶೇ. 15ರಿಂದ 16ರಷ್ಟು ಕಡಿಮೆಯಾಗುತ್ತದೆ. ಇದು ಚಿಕ್ಕ ಅಂಕಿ ಎನಿಸಬಹುದು. ಆದರೆ ಸಾವಿರ ಮಕ್ಕಳು ನರಳುತ್ತಿರುವ ಕಡೆ ನೂರೈವತ್ತು ಮಕ್ಕಳು ನಾಳೆ ಹೊಟ್ಟೆನೋವಿನ ನೆಪ ಹೇಳದೆ ಶಾಲೆಗೆ ಹೊರಡುತ್ತಾರೆ ಎಂದರೆ ಯಾವ ತಾಯಿಯೂ ಅದನ್ನು ಚಿಕ್ಕದು ಎನ್ನಲಾರಳು.

ಫಲ ಕೊಡದ ದಾರಿಗಳೂ ಗೊತ್ತಿವೆ. ತಪ್ಪು ಮಾಡಿದವನನ್ನು ಶಾಲೆಯಿಂದ ಹೊರಹಾಕುವ ಕಠೋರ ನೀತಿಯನ್ನು ಅಮೆರಿಕದ ಮನಶ್ಶಾಸ್ತ್ರ ಸಂಘದ ಕಾರ್ಯಪಡೆ 2008ರಲ್ಲಿ ಪರಿಶೀಲಿಸಿ, ಅದರಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದುದಕ್ಕೆ ಆಧಾರವಿಲ್ಲ ಎಂದಿತು. ಇಬ್ಬರನ್ನೂ ಎದುರು ನಿಲ್ಲಿಸಿ ಕೈಕುಲುಕಿಸುವ ರಾಜಿ ಇನ್ನೂ ಅಪಾಯದ್ದು. ಬಲದ ಅಂತರ ಹಾಗೇ ಇರುವಾಗ ದುರ್ಬಲ ಮಗು ದೊಡ್ಡವರ ಮುಂದೆ ತಲೆಯಾಡಿಸಿ, ಅವರು ಬೆನ್ನು ತಿರುಗಿಸಿದ ಕೂಡಲೇ ಅದರ ಬೆಲೆ ತೆರುತ್ತದೆ.

ಹೆತ್ತವರಿಗೆ ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಕಲಮು ತಿಳಿದಿರಬೇಕು. ಮಗುವಿನ ಶಿಕ್ಷಣದ ಹಕ್ಕಿಗೆ ಧಕ್ಕೆಯಾಗಿದ್ದರೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯದ ಬಾಲಹಕ್ಕು ಸಂರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಗುವಿನ ಜೀವಕ್ಕೆ ಅಪಾಯವೆನಿಸಿದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮರಾಠಿಯಲ್ಲಿ ಬರೆಯಲು ಬಾರದ ಕೂಲಿಕಾರ ಹೆತ್ತವರ ಪರವಾಗಿ ಇಂಥ ಅರ್ಜಿ ಬರೆದುಕೊಡುವ ಕೆಲಸವನ್ನು ನಮ್ಮ ಕನ್ನಡ ಸಂಘಗಳು ವಾರಕ್ಕೊಂದು ಸಂಜೆ ಕೈಗೆತ್ತಿಕೊಳ್ಳಬಹುದು. ಕಾಟ ಕೊಟ್ಟವನ ಹೆಸರಿನ ಜತೆಗೆ ಮೂರು ಸಂಗತಿಗಳನ್ನು ತಪ್ಪದೆ ಬರೆಯಿರಿ: ಅದು ನಡೆದ ಜಾಗ, ನಡೆಯುವ ಹೊತ್ತು, ಆಗ ಅಲ್ಲಿ ಇರಬೇಕಾಗಿದ್ದ ಸಿಬ್ಬಂದಿ ಯಾರು. ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ; ಮೂರು ತಿಂಗಳು ಅಂದಿನಿಂದ ಎಣಿಸಬೇಕು.