ಸಂಬಳ ಕೊಟ್ಟ ಮೇಲೆ ಹೆಸರು ಯಾಕೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಎರಡು ಬೇಸಿಗೆ ಒಂದು ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ದುಡಿದೆ. ಅದರ ಸಂಶೋಧನಾ ಪೇಪರ್ ಬಂತು, ಲೇಖಕರಲ್ಲಿ ನನ್ನ ಹೆಸರಿಲ್ಲ. ಕೇಳಿದರೆ ತಪ್ಪಾಗುತ್ತಾ?

ಉತ್ತರ: ತಪ್ಪಲ್ಲ, ತಡ. ಕೆಲಸಕ್ಕೆ ಸೇರುವ ದಿನವೇ ಕೇಳಿ ಅಂತ ಎಷ್ಟು ಸಲ ಬರೆದಿದ್ದೇನೋ!

ನಿಮಗೆ ಸಿಗುವ ಉತ್ತರವೂ ಗೊತ್ತು: "ಸಂಬಳ ಕೊಟ್ಟಿದ್ದೀವಲ್ಲ." ಈ ಸಂಬಳದ ಮಾತು ಮಳೆಗಾಲದ ಇಂಬಳದ ಹಾಗೆ. ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಹತ್ತುತ್ತದೆ. ಗೈಡಿಗೂ ತಿಂಗಳು ತಿಂಗಳು ಸಂಬಳ ಬರುತ್ತದೆ, ನಿಮ್ಮದಕ್ಕಿಂತ ಜಾಸ್ತಿಯೇ. ಅವರ ಹೆಸರನ್ನು ಯಾರೂ ತೆಗೆಯಲಿಲ್ಲ, ಅಲ್ವಾ?

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ 4 ಷರತ್ತು ಹಾಕಿದೆ. ಯೋಜನೆಯಲ್ಲೋ ಮಾಹಿತಿ ಕಲೆಹಾಕುವುದರಲ್ಲೋ ವಿಶ್ಲೇಷಣೆಯಲ್ಲೋ ದೊಡ್ಡ ಪಾಲಿರಬೇಕು. ಕರಡು ಬರೆದಿರಬೇಕು, ಇಲ್ಲವೇ ಚೆನ್ನಾಗಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿರಬೇಕು. ಅದಕ್ಕೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಇದರಲ್ಲಿ ಸಂಬಳ ಎಲ್ಲಿದೆ? ಡಿಗ್ರಿ ಎಲ್ಲಿದೆ? ಮೊದಲನೆಯದು ಇರುವವರಿಗೆ ಉಳಿದ ಮೂರಕ್ಕೆ ಅವಕಾಶ ಕೊಡಿ ಅಂತಲೂ ಅದೇ ಸಮಿತಿ ಹೇಳುತ್ತದೆ. ಕರಡನ್ನೇ ತೋರಿಸದೆ "ನೀನು ಬರೆದಿಲ್ಲವಲ್ಲ" ಅನ್ನುವ ಹಾಗಿಲ್ಲ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನೇ ತಗೊಳ್ಳಿ. ಅದನ್ನು ಹರಡುವ ಉಣುಗು, ಅಂದರೆ ಉಣ್ಣೆಹುಳ, ಹಿಡಿಯುವ ಹುಡುಗ ದರಗಿನ ಮೇಲೆ ಬಿಳಿ ಬಟ್ಟೆ ಎಳೆಯುತ್ತಾ ಹೋಗುತ್ತಾನೆ. ಸ್ವಲ್ಪ ದೂರಕ್ಕೊಮ್ಮೆ ನಿಂತು, ಬಟ್ಟೆ ಮಗುಚಿ, ಚಿಮಟದಲ್ಲಿ ಒಂದೊಂದೇ ಹೆಕ್ಕಿ ಟ್ಯೂಬಿಗೆ ಹಾಕುತ್ತಾನೆ. ಹೇಳಿದ ಕಡೆ ಎಳೆದು ತಂದುಕೊಟ್ಟ ಅಷ್ಟಕ್ಕೇ ಅವನು ಲೇಖಕನಲ್ಲ; ಕೃತಜ್ಞತೆಯಲ್ಲಿ ಹೆಸರು ಬರಬೇಕು. ಆದರೆ "ಸರ್, ದನ ಓಡಾಡುವ ದಾರಿಯನ್ನು ಬೇರೆಯಾಗಿ ಎಣಿಸೋಣ" ಅಂತ ಅವನೇ ಹೇಳಿ, ಲೆಕ್ಕದ ಕ್ರಮವೇ ಬದಲಾದರೆ? ಅದು ಕೂಲಿಯಲ್ಲ, ಸಂಶೋಧನೆ. ಕರಡು ಅವನ ಕೈಗೂ ಬರಬೇಕು.

ಈಗ ಹಲವು ಜರ್ನಲ್‌ಗಳು "ಕ್ರೆಡಿಟ್" ಅನ್ನುವ ಪಟ್ಟಿ ಕೇಳುತ್ತವೆ. 14 ಬಗೆಯ ಕೆಲಸದಲ್ಲಿ ಯಾರದು ಯಾವುದು ಅಂತ ಬರೆಯಬೇಕು. ನಿಮ್ಮ ಫೀಲ್ಡ್ ನೋಟ್‌ಬುಕ್ ಜೋಪಾನವಾಗಿಡಿ.

ನೀವು ಕೇಳದ ಇನ್ನೊಂದು ಮಾತು. ಕಾಡಿನ ದಾರಿ ತೋರಿಸಿದವರನ್ನು "ಸ್ಥಳೀಯರಿಗೆ ಧನ್ಯವಾದ" ಅಂತ ಸುಮ್ನೆ ಮುಗಿಸಬೇಡಿ. ಸ್ಥಳೀಯ ಅಂತ ಯಾರಿಗೂ ನಾಮಕರಣ ಮಾಡಿಲ್ಲ. ಹೆಸರು ಹಾಕಲೇ ಅಂತ ಕೇಳಿ, ಒಪ್ಪಿದರೆ ಹಾಕಿ. ತೀರ್ಥಹಳ್ಳಿ ಕಡೆಯ ಒಬ್ಬರನ್ನು ನಾನು ಕೇಳಿದ್ದೆ. "ಹೆಸರು ಎಂತಕ್ಕೆ ಮಾರಾಯ್ರೆ, ಆ ಪುಸ್ತಕ ಒಂದು ಕೊಡಿ" ಅಂದರು. ಇಂಗ್ಲಿಷಿನಲ್ಲಿದೆ ಅಂದೆ.

"ಪಟ ಇರತ್ತಲ್ಲ?"