ಮಂಗಳೂರಿನ ಫೋಟೋ ಬೇಕಾದರೆ ಮಳೆಗಾಲದಲ್ಲಿ ಕರೆಯಿರಿ

ಫೆಬ್ರವರಿ ಬಂತೆಂದರೆ ನನಗೆ ಫೋನ್ ಶುರು. ಬಿಲ್ಡರ್‌ಗಳು, ಹೋಟೆಲಿನವರು, ಕ್ಯಾಲೆಂಡರ್ ಮಾಡಿಸುವವರು. ಎಲ್ಲರದ್ದೂ ಒಂದೇ ಮಾತು: "ಈಗ ಒಳ್ಳೆ ಬಿಸಿಲುಂಟಲ್ಲ, ಇಡೀ ಮಂಗಳೂರು ಬರುವ ಹಾಗೆ ಒಂದು ಫೋಟೋ ತೆಗೆದುಕೊಡಿ." ಜುಲೈಯಲ್ಲಿ ನಾನೇ ಫೋನ್ ಮಾಡಿ ನಾಳೆ ಹೋಗುವ ಎಂದರೆ ಅದೇ ಜನ, "ಎಂತ ಮಾರಾಯ್ರೇ, ಈ ಮಳೆಯಲ್ಲಾ? ಮಳೆಗಾಲ ಮುಗಿಯಲಿ" ಅನ್ನುತ್ತಾರೆ. ಪ್ರತಿ ವರ್ಷ ಇದೇ ಕಥೆ. ಹಾಗಾಗಿ ಇದೊಂದನ್ನು ಉದ್ದಕ್ಕೇ ಬರೆಯುತ್ತೇನೆ.

ಬಿಸಿಲಿದ್ದ ಮಾತ್ರಕ್ಕೆ ದೂರದ್ದು ಚೆನ್ನಾಗಿ ಕಾಣುವುದಿಲ್ಲ. ತಲೆಯ ಮೇಲೆ ಆಕಾಶ ನೀಲಿ ಇರಬಹುದು, ಆದರೆ ನಾವು ನೋಡುತ್ತಿರುವುದು ಮೇಲಕ್ಕಲ್ಲ, ಅಡ್ಡಕ್ಕೆ. ನದಿಗೂ ಕಡಲಿಗೂ ಮಧ್ಯೆ ಇರುವ ಮರಳ ಪಟ್ಟಿ ಬೆಂಗ್ರೆಯಲ್ಲಿ ನಿಂತು, ನದಿ ದಾಟಿ, ದಕ್ಕೆಯ (ಮೀನುಗಾರಿಕಾ ಬಂದರಿನ) ಬೋಟುಗಳನ್ನು ದಾಟಿ, ಮೂರ್ನಾಲ್ಕು ಕಿಲೋಮೀಟರ್ ಆಚೆ ಕದ್ರಿ, ಬೆಂದೂರು ಕಡೆ ಎದ್ದಿರುವ ಕಟ್ಟಡಗಳನ್ನು ನೋಡುತ್ತೇವೆ. ಅಷ್ಟು ದೂರವೂ ನೆಲದ ಹತ್ತಿರದ ಗಾಳಿಯ ಮೂಲಕವೇ ನೋಡಬೇಕು. ಅದರಲ್ಲಿ ಧೂಳು, ಹೊಗೆ, ಸಮುದ್ರದಿಂದ ಎದ್ದ ಉಪ್ಪಿನ ಸಣ್ಣ ಸಣ್ಣ ಕಣ ಎಲ್ಲ ಇರುತ್ತವೆ. ಉಪ್ಪು ತೇವ ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನೂ ಬರವಿಲ್ಲ. ಕಣಗಳು ನೀರು ಹೀರಿ ದಪ್ಪವಾಗುತ್ತವೆ, ಬಿಸಿಲು ಅವುಗಳ ಮೇಲೆ ಬಿದ್ದು ಎಲ್ಲ ಕಡೆ ಚದುರುತ್ತದೆ. ಆ ಚದುರಿದ ಬೆಳಕೇ ಮಬ್ಬು. ಗಾಳಿ ತೊಳೆದಿರದಿದ್ದರೆ ಬಿಸಿಲು ಜೋರಾದಷ್ಟೂ ಮಬ್ಬು ಇನ್ನಷ್ಟು ಬೆಳ್ಳಗಾಗುತ್ತದೆ. ಇಲ್ಲೇ ಎಲ್ಲರೂ ತಪ್ಪುವುದು.

"ಹಾಗಾದರೆ ದೊಡ್ಡ ಲೆನ್ಸ್ ಹಾಕಿ." ಹಾಕಿದರೆ ಕಟ್ಟಡ ದೊಡ್ಡದಾಗುತ್ತದೆ, ಮಧ್ಯದ ಗಾಳಿ ಹಾಗೇ ಇರುತ್ತದೆ. ಮಧ್ಯಾಹ್ನವಾದರೆ ಮತ್ತೊಂದು ಕಾಟ: ಕಾದ ಮರಳು, ಕಾದ ಕಾಂಕ್ರೀಟಿನಿಂದ ಏಳುವ ಬಿಸಿಗಾಳಿಗೆ ಕಿಟಕಿಯ ಅಂಚುಗಳೆಲ್ಲ ನಡುಗುತ್ತವೆ. ಎಷ್ಟು ದುಬಾರಿ ಟ್ರೈಪಾಡ್ ಇದ್ದರೂ ಅದು ನಿಲ್ಲುವುದಿಲ್ಲ.

"ಎಡಿಟಿಂಗಲ್ಲಿ ಸರಿ ಮಾಡಬಹುದಲ್ವಾ?" ಸ್ವಲ್ಪ ಮಟ್ಟಿಗೆ ಮಾಡಬಹುದು. ತೆಳು ಮಬ್ಬು ಹೋಗುತ್ತದೆ. ಆದರೆ ಬಾಲ್ಕನಿಯ ಸರಳು ಕ್ಯಾಮೆರಾಕ್ಕೇ ಬಂದಿಲ್ಲ ಎಂದ ಮೇಲೆ ಅದನ್ನು ಎಲ್ಲಿಂದ ತರುವುದು? ಜಾಸ್ತಿ ಎಳೆದರೆ ಆಕಾಶದಲ್ಲಿ ಕಲೆ ಕಲೆ ಬರುತ್ತದೆ, ಕಟ್ಟಡದ ಸುತ್ತ ಬಿಳಿ ಗೆರೆ ಏಳುತ್ತದೆ, ಹಂಚಿನ ಮಾಡು ನೇರಳೆಯಾಗುತ್ತದೆ. ಮೊಬೈಲಲ್ಲಿ ಗೊತ್ತಾಗದೆ ಇರಬಹುದು. ಲಾಬಿಯ ಗೋಡೆಗೆ ಎಂಟು ಅಡಿ ಪ್ರಿಂಟ್ ಹಾಕಿಸಿದಾಗ ಎಲ್ಲರಿಗೂ ಕಾಣುತ್ತದೆ.

ಈ ಗಾಳಿಯನ್ನು ತೊಳೆಯುವುದು ಮಳೆ. ಮಂಗಳೂರಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎರಡು ದಿನ ಬಿಡದೆ ಹೊಡೆದು, ಆಮೇಲೆ ಸಂಜೆ ಹೊತ್ತಿಗೆ ಸ್ವಲ್ಪ ಹೊಳವಾಯಿತೆಂದರೆ ಆಗ ನೋಡಬೇಕು ಊರನ್ನು. ಒಂದೊಂದು ತೆಂಗಿನ ಗರಿ ಬೇರೆ ಬೇರೆ ಕಾಣುತ್ತದೆ. ಒದ್ದೆ ಹಂಚು ಕಡು ಕೆಂಪು. ಮೇಲೆ ಮೋಡ ಹೊದ್ದಿದ್ದರೂ ಪಡುವಣದ ಅಂಚಿನಲ್ಲಿ ಒಂದು ಸಂದು ಬಿಟ್ಟಿದ್ದರೆ, ಸೂರ್ಯ ಮುಳುಗುವ ಮೊದಲು ಅಲ್ಲಿಂದ ನುಗ್ಗಿ ಇಡೀ ನಗರದ ಮುಖಕ್ಕೆ ಬೆಳಕು ಚೆಲ್ಲುತ್ತಾನೆ. ಹಿಂದೆ ಕಪ್ಪು ಮೋಡ, ಎದುರು ಹಳದಿ ಕಟ್ಟಡಗಳು. ಜುಲೈಯಲ್ಲಾದರೆ ಸಂಜೆ ಆರೂವರೆ, ಆರೂಮುಕ್ಕಾಲರ ಸುಮಾರಿಗೆ. ಐದು ನಿಮಿಷ ಸಿಕ್ಕಿದರೆ ಪುಣ್ಯ. ನನ್ನ ಕೆಲಸದಲ್ಲಿ ನನಗೆ ಇದಕ್ಕಿಂತ ಇಷ್ಟದ ಹೊತ್ತು ಬೇರೆ ಇಲ್ಲ.

ಒಬ್ಬ ಬಿಲ್ಡರ್ ನನ್ನ ಹತ್ತಿರ ಒಂದು ಹಳೆಯ ಫೋಟೋ ತಂದಿದ್ದರು. ನಗರದ ಹಿಂದೆ ಈಶಾನ್ಯಕ್ಕೆ ಕುದುರೆಮುಖದ ಸಾಲು ಎದ್ದು ಕಾಣುತ್ತಿತ್ತು. "ಇದು ಕಂಪ್ಯೂಟರಲ್ಲಿ ಅಂಟಿಸಿದ್ದು ಸರ್, ಅಷ್ಟು ದೂರದ್ದು ಇಲ್ಲಿಗೆ ಎಲ್ಲಿ ಕಾಣ್ತದೆ?" ಅಂದರು. ಹುಟ್ಟಿದ್ದು, ಬೆಳೆದದ್ದು ಎಲ್ಲ ಮಂಗಳೂರಲ್ಲೇ! ಮಳೆಗಾಲದ ಕೊನೆಗೆ ಅವರನ್ನು ಬಂದರಿನಿಂದ ದೋಣಿ ಹತ್ತಿಸಿ ಬೆಂಗ್ರೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನದವರೆಗೆ ಸುರಿದು ಬಿಟ್ಟಿತ್ತು. ಸುಮಾರು 50 ಕಿ.ಮೀ. ದೂರದ ಘಟ್ಟ, ಮಡಿಕೆ ಮಡಿಕೆಯಾಗಿ, ನೀಲಿಯಾಗಿ ನಿಂತಿತ್ತು. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ಜನ ಹೀಗೆ ತಮ್ಮ ಊರನ್ನೇ ಹೊಸದಾಗಿ ನೋಡುವಾಗ ನನಗೆ ಬಹಳ ಖುಷಿಯಾಗುತ್ತದೆ.

ಬೆಂಗ್ರೆಗೆ ಹೋಗುವವರಿಗೆ ಒಂದು ಮಾತು. ಮುಂಗಾರಿನ ಮಳೆ ಬರುವುದು ಸಮುದ್ರದ ಕಡೆಯಿಂದ, ಅಂದರೆ ನೀವು ನಗರಕ್ಕೆ ಮುಖ ಮಾಡಿ ನಿಂತಾಗ ನಿಮ್ಮ ಬೆನ್ನ ಹಿಂದಿನಿಂದ. ಆಗಾಗ ತಿರುಗಿ ನೋಡಿ. ಕಡಲು, ಆಕಾಶ ಸೇರುವ ಗೆರೆ ಅಳಿಸಿಹೋಯಿತೆಂದರೆ ಕ್ಯಾಮೆರಾ ಒಳಗೆ ಹಾಕಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಇದು ಉಲ್ಟಾ. ಆಗ ಗುಡುಗು ಮಳೆ ಸಾಮಾನ್ಯವಾಗಿ ಘಟ್ಟದ ಕಡೆಯಿಂದ ಇಳಿಯುತ್ತದೆ, ಮಿಂಚು ನಗರದ ಹಿಂದೆಯೇ ಹೊಳೆಯುತ್ತದೆ. ಫೋಟೋ ಅದ್ಭುತವಾಗಿ ಬರುತ್ತದೆ ನಿಜ, ಆದರೆ ಬಯಲು ಮರಳಲ್ಲಿ ಟ್ರೈಪಾಡ್ ಹಿಡಿದು ನಿಲ್ಲಬೇಡಿ. ಗುಡುಗು ಕೇಳಿಸುವಷ್ಟು ಹತ್ತಿರ ಬಂದಿದ್ದರೆ ಒಳಗೆ ಹೋಗಿ. ಯಾವ ಗಿರಾಕಿಯ ಫೋಟೋವೂ ಜೀವಕ್ಕಿಂತ ದೊಡ್ಡದಲ್ಲ.

ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಇರುತ್ತಾನೆ, ಆಗ ಬಾಲ್ಕನಿಗಳ ಕೆಳಗೆಲ್ಲ ಕಪ್ಪು. ಡಿಸೆಂಬರ್, ಜನವರಿಯ ಮುಂಜಾನೆ ಮಾತ್ರ ಮಬ್ಬು ನನ್ನ ಕಡೆಗಿರುತ್ತದೆ. ಬೆಳಕು ನಗರದ ಹಿಂದಿನಿಂದ ಬರುವಾಗ ಗುಡ್ಡ, ತೆಂಗು, ಕಟ್ಟಡ ಒಂದರ ಹಿಂದೆ ಒಂದು ಬೂದು ಪದರವಾಗಿ ಬೀಳುತ್ತವೆ. ಚೆಂದ ಇರುತ್ತದೆ. ಆದರೆ ಅದರಲ್ಲಿ ನಿಮ್ಮ ಕಟ್ಟಡದ ಬಣ್ಣ ಕಾಣಲಿ ಎಂದು ಕೇಳಬೇಡಿ.

ಸಾಮಾನಿನ ವಿಷಯ ಗೊತ್ತಿದ್ದವರಿಗೆ ಗೊತ್ತು. ಎ.ಸಿ. ಕಾರಿನಿಂದ ಇಳಿದ ಕೂಡಲೇ ಲೆನ್ಸ್ ತೆಗೆದರೆ ಬೆವರುತ್ತದೆ, ಬ್ಯಾಗು ಡಿಕ್ಕಿಯಲ್ಲೇ ಇರಲಿ. ಉಪ್ಪು ಹನಿಯನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಜೂನ್‌ನಿಂದ ಫಂಗಸ್ ಕಾಟ, ಸಿಲಿಕಾ ಜೆಲ್ ಬದಲಿಸುತ್ತಾ ಇರಿ.

ಗಿರಾಕಿಗಳ ಒಂದು ತಕರಾರು ಮಾತ್ರ ನಾನು ಒಪ್ಪುತ್ತೇನೆ. ಮಳೆಗೆ ಗೋಡೆ ಪಾಚಿ ಕಟ್ಟಿ ಕಪ್ಪಾಗುತ್ತದೆ, ತಾರಸಿಯ ಮೇಲೆ ನೀಲಿ ಟಾರ್ಪಾಲು ಏರಿರುತ್ತದೆ. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವುದರಿಂದ ದಕ್ಕೆಯಲ್ಲೂ ಬೋಟುಗಳು ಹೊದಿಕೆ ಹಾಕಿಕೊಂಡು ಸಾಲಾಗಿ ನಿಂತಿರುತ್ತವೆ. ನನಗೆ ಆ ಸಾಲು ಇಷ್ಟ, ಹೋಟೆಲಿನವರಿಗೆ ಕೆಲವೊಮ್ಮೆ ಬೇಡ. ಅಂಥವರಿಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು: ಮಳೆ ಆಗೊಮ್ಮೆ ಈಗೊಮ್ಮೆ ಬಂದು ಗಾಳಿ ತೊಳೆಯುತ್ತಿರುತ್ತದೆ, ಬೋಟುಗಳೂ ಓಡಾಡುತ್ತಿರುತ್ತವೆ. ಆದರೆ ಮುಂಗಾರಿನ ಆ ಕಪ್ಪು ಮೋಡ ಮಾತ್ರ ಸಿಗುವುದು ಕಷ್ಟ.

ಯಾವುದಕ್ಕೂ ನನಗೆ ತಾರೀಕು ಕೊಡಬೇಡಿ. ಹತ್ತು ಹದಿನೈದು ದಿನದ ಅವಧಿ ಕೊಡಿ. ಆ ದಿನಗಳಲ್ಲಿ ಟೆರೇಸಿನ ಬೀಗದ ಕೈ ವಾಚ್‌ಮನ್ ಹತ್ತಿರ ಇರಲಿ, ಸಂಜೆ ಐದೂವರೆಗೆ ನಾನು ಫೋನ್ ಮಾಡಿದರೆ ಬಾಗಿಲು ತೆಗೆಯಲು ಅವನಿಗೆ ಮೊದಲೇ ಹೇಳಿಡಿ. "ನಾಳೆ ಮ್ಯಾನೇಜರ್ ಬರ್ತಾರೆ, ಆಮೇಲೆ ನೋಡುವ" ಅನ್ನುವಷ್ಟರಲ್ಲಿ ಮತ್ತೆ ಮೋಡ ಮುಚ್ಚಿರುತ್ತದೆ.